ಓದುಗರ ಪ್ರಶ್ನೆ, ನಮ್ಮ ಉತ್ತರ: ಫರ್ಮ್‌ವೇರ್ ಚಿಪ್‌ನಲ್ಲೇ ಕರ್ನಲ್

ಎರಡು ಸಂಚಿಕೆಗಳ ಹಿಂದೆ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ (ಗುಂಡಿ ಒತ್ತಿದ ಕೂಡಲೇ ಬೋರ್ಡಿನ ಚಿಪ್‌ನಿಂದ ಓಡುವ ಮೊದಲ ತಂತ್ರಾಂಶ) ಹಾಕಿಕೊಳ್ಳುವ ಬಗ್ಗೆ ಈ ಅಂಕಣದಲ್ಲಿ ಬರೆಯುತ್ತಾ, ಬೇಕೆನಿಸಿದರೆ ಲಿನಕ್ಸ್‌ನ ಹೃದಯಭಾಗವಾದ ಕರ್ನಲ್ಲನ್ನೇ ಆ ಫರ್ಮ್‌ವೇರ್ ಚಿಪ್‌ನಲ್ಲಿ ಇರಿಸಬಹುದು ಎಂಬ ಒಂದು ವಾಕ್ಯವನ್ನು ಸೇರಿಸಿದ್ದೆ. ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದು ಕೇಳಿದ ಪ್ರಶ್ನೆಗಳಾಗಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಒಂದನ್ನು ಕೊಂಡು, ಪರಿಚಯದವರೊಬ್ಬರ ನೆರವಿನಿಂದ ಅದಕ್ಕೆ ಕೋರ್‌ಬೂಟ್ ಮತ್ತು ಸೀಬಯೋಸ್ ಹಾಕಿಸಿಕೊಂಡಿದ್ದೇನೆ. ಡಿಸ್ಕನ್ನು ಹುಡುಕುವ ಸೀಬಯೋಸ್, ಅಲ್ಲಿಂದ ಕರ್ನಲ್ ತರುವ ಗ್ರಬ್ ಯಾವುದೂ ಬೇಡ, ಕರ್ನಲ್ಲನ್ನು ನೇರವಾಗಿ ಫರ್ಮ್‌ವೇರ್‌ನಿಂದಲೇ ಓಡಿಸಬಹುದು ಎಂದು ನನ್ನ ಮಗಳು ಹೇಳುತ್ತಾಳೆ. ಇದು ನಿಜವೇ? ನಿಜವಾದರೆ ಅದರಿಂದ ಏನು ಲಾಭ?
ಲೆಕ್ಕಪತ್ರ ಸಹಾಯಕರು, ಡೊಂಬಿವಲಿ

ಉತ್ತರ: ನಿಮ್ಮ ಮಗಳ ಮಾತು ನಿಜ. ಅಷ್ಟೇ ಅಲ್ಲ, ಕೋರ್‌ಬೂಟ್ ಹುಟ್ಟಿದ್ದೇ ಆ ಉದ್ದೇಶಕ್ಕೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನಿಕ್ ಅವರು ಈ ಕೆಲಸವನ್ನು ಆರಂಭಿಸಿದಾಗ ಅದರ ಹೆಸರು ಲಿನಕ್ಸ್‌ಬಯೋಸ್ ಎಂದೇ ಇತ್ತು. ಸಾಲುಸಾಲಾಗಿ ಜೋಡಿಸಿಟ್ಟ ನೂರಾರು ಕಂಪ್ಯೂಟರ್‌ಗಳನ್ನು ಒಂದೇ ಯಂತ್ರದಂತೆ ದುಡಿಸುವವರಿಗೆ, ಸಣ್ಣ ದೋಷ ಕಂಡರೂ ಕೀಲಿಮಣೆಯ ಗುಂಡಿ ಒತ್ತಿ ಎಂದು ಕಾಯುತ್ತಾ ನಿಲ್ಲುವ ಬಯೋಸ್, ಅಂದರೆ ತಯಾರಕರ ಹಳೆಯ ಫರ್ಮ್‌ವೇರ್, ದೊಡ್ಡ ತಲೆನೋವಾಗಿತ್ತು. ಚಿಪ್‌ನಲ್ಲಿ ಲಿನಕ್ಸನ್ನೇ ಇಟ್ಟರೆ ಹೇಗೆ ಎಂಬ ಯೋಚನೆ ಅಲ್ಲಿಂದ ಮೊಳೆಯಿತು. ಆದರೆ ಚಿಪ್‌ಗಳ ಗಾತ್ರ ಬೆಳೆದದ್ದಕ್ಕಿಂತ ಬೇಗ ಕರ್ನಲ್‌ನ ಗಾತ್ರ ಬೆಳೆದುಬಿಟ್ಟಿತು. ಹೀಗಾಗಿ ಯಂತ್ರಾಂಶವನ್ನು ಎಚ್ಚರಿಸುವ ಕೆಲಸ ಬೇರೆ, ಎಚ್ಚರಗೊಂಡ ಮೇಲೆ ಯಾವುದನ್ನು ಓಡಿಸಬೇಕೆಂಬುದು ಬೇರೆ ಎಂದು ವಿಂಗಡಿಸಿ, ಎರಡನೆಯದಕ್ಕೆ ಪೇಲೋಡ್ ಎಂದು ಕರೆದರು. ಪೇಲೋಡ್ ಲಿನಕ್ಸೇ ಆಗಿರಬೇಕೆಂಬ ನಿಯಮ ಉಳಿಯದ ಕಾರಣ 2008ರಲ್ಲಿ ಹೆಸರೂ ಕೋರ್‌ಬೂಟ್ ಎಂದು ಬದಲಾಯಿತು. ನಿಮ್ಮ ಯಂತ್ರದಲ್ಲಿ ಈಗಿರುವ ಪೇಲೋಡ್ ಸೀಬಯೋಸ್. ಅದನ್ನು ತೆಗೆದು ಅದರ ಜಾಗದಲ್ಲಿ ಕರ್ನಲ್ ಇಡುವುದೆಂದರೆ ಮೂಲ ಯೋಜನೆಗೆ ಹಿಂದಿರುಗುವುದೇ ಹೊರತು ಹೊಸ ಸಾಹಸವಲ್ಲ.

ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುಂಡಿ ಒತ್ತಿದ ಕೂಡಲೇ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು 4 ಜಿಬಿ ಗಡಿಗೆ 16 ಬೈಟ್ ಕೆಳಗಿರುವ ವಿಳಾಸದಿಂದ ಓದುತ್ತದೆ, ಮತ್ತು ಆ ವಿಳಾಸದಲ್ಲಿ ಕಾಣಿಸುವುದು ಫರ್ಮ್‌ವೇರ್ ಚಿಪ್‌ನ ಕೊನೆಯ ತುಣುಕು. ಆ ಹೊತ್ತಿನಲ್ಲಿ ರ‍್ಯಾಮ್ ಇದ್ದೂ ಇಲ್ಲದಂತೆ. ಅದರ ವೇಗ, ಕಾಲಮಾನಗಳನ್ನು ಯಾರೂ ಇನ್ನೂ ಹೊಂದಿಸಿರುವುದಿಲ್ಲ. ಹಾಗಾಗಿ ಕೋರ್‌ಬೂಟ್ ಮೊದಲು ಪ್ರೊಸೆಸರ್‌ನ ಒಳಗಿರುವ ಕ್ಯಾಶ್ ಎಂಬ ಪುಟ್ಟ ಸ್ಮೃತಿಯನ್ನೇ ತಾತ್ಕಾಲಿಕ ರ‍್ಯಾಮ್ ಆಗಿ ಬಳಸಿಕೊಂಡು, ನಿಮ್ಮ ಡಿಡಿಆರ್3 ಪಟ್ಟಿಗಳನ್ನು ಪರೀಕ್ಷಿಸಿ ಹದಕ್ಕೆ ತಂದು, ಆಮೇಲೆ ಪಿಸಿಐ ಸಾಧನಗಳನ್ನು ಎಣಿಸಿ, ಕೊನೆಗೆ ಪೇಲೋಡನ್ನು ರ‍್ಯಾಮ್‌ಗೆ ಬಿಚ್ಚಿ ಅದರ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಅಲ್ಲಿಗೆ ಕೋರ್‌ಬೂಟ್‌ನ ಪಾತ್ರ ಬಹುಮಟ್ಟಿಗೆ ಮುಗಿಯಿತು. ಸಾಮಾನ್ಯ ದಾರಿಯಲ್ಲಿ ಇಲ್ಲಿಂದ ಮುಂದೆ ಸೀಬಯೋಸ್ ಡಿಸ್ಕನ್ನು ಹುಡುಕಿ ಗ್ರಬ್ಬನ್ನು ಎಬ್ಬಿಸುತ್ತದೆ, ಗ್ರಬ್ ತನ್ನದೇ ಸಂಕೇತಗಳಿಂದ (ಕೋಡ್) ಕಡತ ವ್ಯವಸ್ಥೆಯನ್ನು ಓದಿ ಕರ್ನಲ್ಲನ್ನು ತರುತ್ತದೆ, ಕರ್ನಲ್ ಬಂದು ಅದೇ ಡಿಸ್ಕನ್ನು ಮತ್ತೊಮ್ಮೆ ತನ್ನ ಚಾಲಕದಿಂದ (ಡ್ರೈವರ್) ಗುರುತಿಸುತ್ತದೆ. ಒಂದೇ ಡಿಸ್ಕಿಗೆ, ಒಂದೇ ಕೀಲಿಮಣೆಗೆ ಎರಡು ಮೂರು ಬಗೆಯ ಚಾಲಕಗಳು, ಅವುಗಳಲ್ಲಿ ಲಿನಕ್ಸ್‌ನದು ಮಾತ್ರ ಸಾವಿರಾರು ಜನ ದಿನವೂ ಬಳಸಿ ತಿದ್ದುತ್ತಿರುವಂಥದ್ದು. ಪೇಲೋಡ್ ಜಾಗದಲ್ಲಿ ಕರ್ನಲ್ ಕುಳಿತರೆ ಈ ಪುನರಾವೃತ್ತಿ ಇಲ್ಲವಾಗುತ್ತದೆ.

ಲಾಭವೆಂದರೆ ಕೆಲವು ಸೆಕೆಂಡುಗಳ ಉಳಿತಾಯ ಎಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಗೌಣ. ಯಂತ್ರ ಎಚ್ಚರವಾದ ಮೊದಲ ಕ್ಷಣದಿಂದಲೇ ನಿಮಗೆ ಪರಿಚಿತವಾದ, ಆಜ್ಞೆಗಳನ್ನು ಟೈಪಿಸುವ ಶೆಲ್, ನೀವೇ ಬರೆದ ಸ್ಕ್ರಿಪ್ಟ್, ಗೂಢಲಿಪೀಕರಿಸಿದ ಡಿಸ್ಕನ್ನು ತೆರೆಯುವ ಸಾಮರ್ಥ್ಯ, ಕೆಟ್ಟ ಡಿಸ್ಕನ್ನು ತಪಾಸಣೆ ಮಾಡುವ ಉಪಕರಣ ಇವೆಲ್ಲ ಡಿಸ್ಕನ್ನು ಮುಟ್ಟದೆಯೇ ಸಿಗುತ್ತವೆ ಎಂಬುದು ನಿಜವಾದ ಲಾಭ. ದುಡ್ಡು ಕೊಟ್ಟು ಕೊಂಡ ಯಂತ್ರದ ಮೊದಲ ಮಾತು ಯಾರದಾಗಿರಬೇಕು ಎಂಬುದನ್ನು ಕೊಂಡವರೇ ತೀರ್ಮಾನಿಸಬೇಕು ಎಂದು ನಾನು ನಂಬಿದ್ದೇನೆ. ಈ ಕೆಲಸದ ಮೇಲೆ ನನಗಿರುವ ಮಮತೆಗೆ ಕಾರಣ ಅದು.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ನನ್ನದೂ ಎಕ್ಸ್230. ಕೋರ್‌ಬೂಟ್‌ನ ಮೆನುಕಾನ್ಫಿಗ್ ಎಂಬ ಆಯ್ಕೆಪಟ್ಟಿಯಲ್ಲಿ ಪೇಲೋಡ್ ವಿಭಾಗಕ್ಕೆ ಹೋಗಿ ಲಿನಕ್ಸ್ ಆಯ್ದು, ನನ್ನ ಡೆಬಿಯನ್ ಲಿನಕ್ಸ್‌ನಲ್ಲಿದ್ದ ಕರ್ನಲ್ ಮತ್ತು ಇನಿಟ್‌ಆರ್‌ಡಿ (ಏಳುವಾಗ ಕರ್ನಲ್ ಬಳಸುವ ಆರಂಭದ ಉಪಕರಣಗಳ ಕಟ್ಟು) ಕಡತಗಳ ದಾರಿ ಕೊಟ್ಟೆ. ಸಂಕಲನದ (ಕಂಪೈಲ್) ಕೊನೆಯಲ್ಲಿ ಜಾಗ ಸಾಲದು ಎಂದು ನಿಂತುಹೋಯಿತು. ಎರಡು ಚಿಪ್ ಸೇರಿ 12 ಎಂಬಿ ಇದೆಯಲ್ಲವೇ?
ವಿದ್ಯಾರ್ಥಿನಿ, ಕೋಥರೂಡ್, ಪುಣೆ

ಉತ್ತರ: 12 ಎಂಬಿ ಇರುವುದು ಹೌದು, ಅದಷ್ಟೂ ನಿಮ್ಮದಲ್ಲ. ಎಕ್ಸ್230ರಲ್ಲಿ 8 ಎಂಬಿಯ ಒಂದು ಚಿಪ್, 4 ಎಂಬಿಯ ಇನ್ನೊಂದು ಚಿಪ್ ಇವೆ. 8 ಎಂಬಿ ಚಿಪ್‌ನ ಆರಂಭದಲ್ಲಿ ಯಾವ ಭಾಗ ಯಾರದೆಂದು ಹೇಳುವ 4 ಕೆಬಿಯ ವಿವರಣಪಟ್ಟಿ, ನಂತರ ನೆಟ್‌ವರ್ಕ್ ಕಾರ್ಡಿನ 8 ಕೆಬಿ, ಅದರ ಬಳಿಕ, ಮುಖ್ಯ ಪ್ರೊಸೆಸರ್‌ನಿಂದ ಪ್ರತ್ಯೇಕವಾಗಿ ಓಡುವ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಸುಮಾರು 5 ಎಂಬಿ ಇರುತ್ತದೆ. ಉಳಿದ 3 ಎಂಬಿ ಮತ್ತು ಎರಡನೆಯ ಚಿಪ್‌ನ 4 ಎಂಬಿ ಸೇರಿ ಒಟ್ಟು 7 ಎಂಬಿ ಮಾತ್ರ ಕೋರ್‌ಬೂಟ್‌ಗೆ ಸಿಗುವ ಬಯೋಸ್ ವಲಯ. ಎಂಇ ಕ್ಲೀನರ್ ಎಂಬ ಉಪಕರಣದಿಂದ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಭಾಗವನ್ನು 100 ಕೆಬಿಗಿಂತ ಕಡಿಮೆಗೆ ಇಳಿಸಿ, ವಿವರಣಪಟ್ಟಿಯಲ್ಲಿ ಗಡಿಗಳನ್ನು ತಿದ್ದಿದರೆ 11 ಎಂಬಿಗೂ ಹೆಚ್ಚು ಜಾಗ ನಿಮಗೆ ದಕ್ಕುತ್ತದೆ. ಪೂರ್ತಿ ಅಳಿಸಿಹಾಕೋಣ ಎಂದು ಹೊರಡಬೇಡಿ. ಈ ಪೀಳಿಗೆಯ ಯಂತ್ರಗಳಲ್ಲಿ ಅದರ ಮೂಲಭಾಗವೂ ಇಲ್ಲವಾದರೆ ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗುತ್ತದೆ.

ಆದರೆ ನಿಮ್ಮ ತೊಂದರೆಯ ಬೇರು ಜಾಗದಲ್ಲಿಲ್ಲ, ಕರ್ನಲ್‌ನ ಆಯ್ಕೆಯಲ್ಲಿದೆ. ಡೆಬಿಯನ್‌ನ ಕರ್ನಲ್ ಸುಮಾರು 8 ಎಂಬಿ, ಅದರ ಇನಿಟ್‌ಆರ್‌ಡಿ ಹತ್ತಾರು ಎಂಬಿ. ಜಗತ್ತಿನ ಯಾವ ಕಂಪ್ಯೂಟರ್‌ಗೆ ಹಾಕಿದರೂ ನಡೆಯಬೇಕೆಂದು ಕಟ್ಟಿದ ಕರ್ನಲ್ ಅದು. ನಿಮಗೆ ಬೇಕಾದದ್ದು ಒಂದೇ ಮಾದರಿಯ ಒಂದೇ ಯಂತ್ರಕ್ಕೆ ಹೊಲಿದ ಅಂಗಿ. ಟೈನಿಕಾನ್ಫಿಗ್ ಎಂಬ ಅತಿ ಚಿಕ್ಕ ಕರ್ನಲ್ ಸಂಯೋಜನೆಯಿಂದ ಆರಂಭಿಸಿ, 64 ಬಿಟ್, ಪಿಸಿಐ, ಸಾಟಾ ಡಿಸ್ಕಿಗೆ ಎಎಚ್‌ಸಿಐ, ಕೀಲಿಮಣೆಗೆ ಐ8042, ಯುಎಸ್‌ಬಿ, ನಿಮ್ಮ ಡಿಸ್ಕಿನಲ್ಲಿರುವ ಎಕ್ಸ್ಟ್4 ಕಡತ ವ್ಯವಸ್ಥೆ, ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಡಿಎಂ-ಕ್ರಿಪ್ಟ್, ಮತ್ತು ಮರೆಯದೆ ಕೆಎಕ್ಸೆಕ್ (ಒಂದು ಕರ್ನಲ್‌ನಿಂದ ಇನ್ನೊಂದಕ್ಕೆ ನೆಗೆಯುವ ಸೌಲಭ್ಯ) ಇಷ್ಟನ್ನು ಮಾತ್ರ ಆಯ್ದುಕೊಳ್ಳಿ. ಮಾಡ್ಯೂಲುಗಳು ಬೇಡ, ಎಲ್ಲವೂ ಕರ್ನಲ್‌ನ ಒಳಗೇ ಇರಲಿ. ಧ್ವನಿ ಬೇಡ, ವೈಫೈ ಬೇಡ. ಪರದೆಗಾಗಿ ಐ915 ಎಂಬ ದೊಡ್ಡ ಚಾಲಕವೂ ಬೇಕಾಗದು: ಕೋರ್‌ಬೂಟ್‌ನಲ್ಲಿ ಪರದೆಯನ್ನು ಸಿದ್ಧಗೊಳಿಸುವ ಲಿಬ್‌ಜಿಎಫ್‌ಎಕ್ಸ್‌ಇನಿಟ್ ಆಯ್ದು ರೇಖೀಯ ಫ್ರೇಮ್‌ಬಫರ್ (ಪರದೆಯ ಚಿತ್ರವಿಡುವ ಸ್ಮೃತಿ) ಕೊಡಿಸಿದರೆ, ಕರ್ನಲ್‌ನಲ್ಲಿರುವ ಪುಟ್ಟ ಕೋರ್‌ಬೂಟ್ ಫ್ರೇಮ್‌ಬಫರ್ ಚಾಲಕವೇ ಅಕ್ಷರಗಳನ್ನು ತೋರಿಸುತ್ತದೆ. ಲಿಬ್‌ಜಿಎಫ್‌ಎಕ್ಸ್‌ಇನಿಟ್ ಅನ್ನು ಏಡಾ ಭಾಷೆಯಲ್ಲಿ ಬರೆದಿರುವುದರಿಂದ ಸಂಕಲನಕ್ಕೆ ಮುನ್ನ ನಿಮ್ಮ ಕಂಪ್ಯೂಟರ್‌ನಲ್ಲಿ ಗ್ನಾಟ್ ಎಂಬ ಏಡಾ ಸಂಕಲಕ ಇರಬೇಕು. ಇದು ಇಲ್ಲದೆ ಸಂಕಲನ ಎಡವುವುದನ್ನು ಹಲವರು ಕಂಡಿದ್ದಾರೆ. ಕರ್ನಲ್ಲನ್ನು ಎಕ್ಸ್‌ಝಡ್‌ನಿಂದ ಕುಗ್ಗಿಸಿ. ಕೋರ್‌ಬೂಟ್ ಅದನ್ನು ಚಿಪ್‌ಗೆ ಸೇರಿಸುವಾಗ ಇನ್ನೊಮ್ಮೆ ಎಲ್‌ಝಡ್‌ಎಂಎಯಿಂದ ಕುಗ್ಗಿಸಬಹುದು, ಆದರೆ ಒಮ್ಮೆ ಹಿಂಡಿದ ಬಟ್ಟೆಯಿಂದ ಮತ್ತೆಷ್ಟು ನೀರು ಬಂದೀತು? ಇನಿಟ್‌ಆರ್‌ಡಿಯ ಜಾಗಕ್ಕೆ ಸಾಮಾನ್ಯ ಆಜ್ಞೆಗಳನ್ನು ಒಟ್ಟುಗೂಡಿಸಿದ ಬಿಝಿಬಾಕ್ಸ್, ಕೆಎಕ್ಸೆಕ್, ಅಗತ್ಯವಿದ್ದರೆ ಡಿಸ್ಕಿನ ಗೂಢಲಿಪಿ ತೆರೆಯುವ ಕ್ರಿಪ್ಟ್‌ಸೆಟಪ್ ಸೇರಿಸಿ ನೀವೇ ಒಂದು ಸಣ್ಣ ಕಟ್ಟು ಮಾಡಿಕೊಳ್ಳಬಹುದು. ಅಥವಾ ಗೋ ಭಾಷೆಯಲ್ಲಿ ಬರೆದ ಯು-ರೂಟ್ ಎಂಬ ಸಿದ್ಧ ಕಟ್ಟನ್ನು ಬಳಸಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಚಿಪ್‌ನಲ್ಲಿರುವ ಈ ಪುಟ್ಟ ಕರ್ನಲ್ಲನ್ನು ದಿನನಿತ್ಯದ ಕರ್ನಲ್ ಎಂದು ಭಾವಿಸಬೇಡಿ. ಅದನ್ನು ಬಾಗಿಲು ಕಾಯುವವನೆಂದು ತಿಳಿಯಿರಿ. ಅದು ಎದ್ದು, ಡಿಸ್ಕನ್ನು ತೆರೆದು, ಅಲ್ಲಿರುವ ಡೆಬಿಯನ್‌ನ ದೊಡ್ಡ ಕರ್ನಲ್ಲನ್ನೂ ಇನಿಟ್‌ಆರ್‌ಡಿಯನ್ನೂ ರ‍್ಯಾಮ್‌ಗೆ ತಂದು, ಕೆಎಕ್ಸೆಕ್‌ನ ಮೂಲಕ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. ಓಡುತ್ತಿರುವ ಕರ್ನಲ್ ಫರ್ಮ್‌ವೇರ್‌ನ ಹಂತಕ್ಕೆ ಮರಳದೆ ನೇರವಾಗಿ ಮತ್ತೊಂದು ಕರ್ನಲ್ಲಿಗೆ ನೆಗೆಯುವ ಈ ಸೌಲಭ್ಯ ಲಿನಕ್ಸ್‌ಗೆ ಬಂದದ್ದು 2005ರಲ್ಲಿ, 2.6.13ನೆಯ ಆವೃತ್ತಿಯೊಂದಿಗೆ. ದೊಡ್ಡ ಸರ್ವರ್‌ಗಳಿಗಾಗಿ 2018ರ ಜನವರಿಯಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದ ಲಿನಕ್ಸ್‌ಬೂಟ್ ಯೋಜನೆ ಇದೇ ತತ್ತ್ವದ ಮೇಲೆ ನಿಂತಿದೆ, ಮತ್ತು ಅದರ ಹಿಂದೆಯೂ ರಾನ್ ಮಿನಿಕ್ ಅವರಿದ್ದಾರೆ.

ಒಂದು ಸೂಕ್ಷ್ಮವಿದೆ. ನಿಮ್ಮ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿದ್ದರೆ, ಮೊದಲ ಕರ್ನಲ್ ಗುಪ್ತಪದ ಕೇಳಿ ಡಿಸ್ಕನ್ನು ತೆರೆಯುತ್ತದೆ, ಕೆಎಕ್ಸೆಕ್ ಆದ ಮೇಲೆ ಎರಡನೆಯ ಕರ್ನಲ್ ಅದೇ ಗುಪ್ತಪದವನ್ನು ಇನ್ನೊಮ್ಮೆ ಕೇಳುತ್ತದೆ, ಏಕೆಂದರೆ ನೆಗೆಯುವಾಗ ಹಿಂದಿನ ಕರ್ನಲ್‌ನ ನೆನಪು ಉಳಿಯುವುದಿಲ್ಲ. ಕೀಲಿಯನ್ನು ಒಂದು ಚಿಕ್ಕ ಸಿಪಿಐಓ ಕಡತದಲ್ಲಿಟ್ಟು ಇನಿಟ್‌ಆರ್‌ಡಿಯ ಬಾಲಕ್ಕೆ ಅಂಟಿಸಿ ರ‍್ಯಾಮ್‌ನಲ್ಲೇ ದಾಟಿಸುವುದು ಇದಕ್ಕೆ ಪರಿಹಾರ. ಮೊದಲು ಎರಡು ಸಲ ಗುಪ್ತಪದ ಟೈಪಿಸಿಕೊಂಡೇ ಕೆಲವು ವಾರ ನಡೆಸಿ. ಉಳಿದದ್ದೆಲ್ಲ ಸ್ಥಿರವಾದ ನಂತರ ಈ ಜಾಣ್ಮೆಗೆ ಕೈಹಾಕಿ.

ಇನ್ನೂ ಒಂದು ಸಲಹೆ ಕೊಡದೆ ಇರಲಾರೆ. ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚುವ ಮೊದಲು, ಕೋರ್‌ಬೂಟ್‌ನಲ್ಲಿ ಬೋರ್ಡಿನ ಹೆಸರಿಗೆ ಕ್ಯೂಎಂಯು ಕ್ಯೂ35 ಎಂದು ಆಯ್ದು, ಇದೇ ಕರ್ನಲ್ ಮತ್ತು ಇದೇ ಇನಿಟ್‌ಆರ್‌ಡಿಯನ್ನು ಪೇಲೋಡ್ ಮಾಡಿ, ಕ್ಯೂಎಂಯು ಎಂಬ, ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ ಓಡಿಸಿ ನೋಡಿ. ಇನಿಟ್ ಸ್ಕ್ರಿಪ್ಟಿನ ತಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ಬಯಲಾಗುತ್ತವೆ.

ಪ್ರಶ್ನೆ: ವಾಸ್ಕೋದಲ್ಲಿ ನನ್ನದೊಂದು ಚಿಕ್ಕ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಗಿರಾಕಿಯೊಬ್ಬರ ಎಕ್ಸ್230ಗೆ ಕೋರ್‌ಬೂಟ್ ಹಾಕಿಕೊಡಲು ಒಪ್ಪಿಕೊಂಡೆ. ಚಿಪ್ ಓದಿ ಬರೆಯುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್, ಅದನ್ನು ಚಿಪ್‌ಗೆ ಜೋಡಿಸುವ ಎಂಟು ಕಾಲಿನ ಕ್ಲಿಪ್ ಬಳಸಿದ್ದೇನೆ. ಒಮ್ಮೊಮ್ಮೆ ಚಿಪ್ ಸಿಗಲಿಲ್ಲ ಎನ್ನುತ್ತದೆ, ಒಮ್ಮೊಮ್ಮೆ ಓದುತ್ತದೆ, ಆದರೆ ಎರಡು ಸಲ ಓದಿದ ಕಡತಗಳು ಒಂದರಂತೆ ಇನ್ನೊಂದಿಲ್ಲ. ಹೇಗೂ ಮೇಲೆ ಹೊಸದನ್ನು ಬರೆಯುವವನೇ ಅಲ್ಲವೇ, ಬರೆದುಬಿಡಲೇ?
ರಿಪೇರಿ ಅಂಗಡಿಯವರು, ವಾಸ್ಕೋ, ಗೋವಾ

ಉತ್ತರ: ದಯವಿಟ್ಟು ಬರೆಯಬೇಡಿ. ಓದುವುದಕ್ಕೆ ಸರಿಯಾಗಿ ಹಿಡಿಯದ ಕ್ಲಿಪ್ ಬರೆಯುವುದಕ್ಕೂ ಹಿಡಿಯುವುದಿಲ್ಲ. ಈ ಪಾಠವನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಮಾಟುಂಗಾದ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ, ನನ್ನ ಎಕ್ಸ್200 ಯಂತ್ರವನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದೆ. ಆತುರದಲ್ಲಿ ಒಂದೇ ಸಲ ಓದಿ, ಆ ಕಡತವನ್ನು ಪರೀಕ್ಷಿಸದೆ, ಮೇಲೆ ಬರೆದೆ. ಬರೆಯುವ ನಡುವೆ ಕ್ಲಿಪ್ ಕೂದಲೆಳೆಯಷ್ಟು ಜಾರಿತು. ಯಂತ್ರ ಕಪ್ಪಾಯಿತು. ಹಿಂದಿರುಗೋಣವೆಂದು ಹಳೆಯ ಪ್ರತಿಯನ್ನು ತೆರೆದರೆ ಅದರ ಕಾಲುಭಾಗ ಬರೀ ಕಸ. ಅದೇ ಮಾದರಿಯ ಇನ್ನೊಂದು ಯಂತ್ರದ ಪ್ರತಿಯನ್ನು ಸ್ನೇಹಿತರಿಂದ ತಂದು ಯಂತ್ರವನ್ನು ಬದುಕಿಸಿಕೊಂಡೆನಾದರೂ, ನನ್ನ ಯಂತ್ರದ ನೆಟ್‌ವರ್ಕ್ ವಿಳಾಸ ಇದ್ದ ಭಾಗ ಹೋದದ್ದು ಹೋಯಿತು. ಅಡಿಭಾಗದ ಚೀಟಿಯಲ್ಲಿ ಅಚ್ಚಾಗಿದ್ದ ವಿಳಾಸವನ್ನು ನೋಡಿ ಕೈಯಾರೆ ತುಂಬಬೇಕಾಯಿತು. ಗಿರಾಕಿಯ ಯಂತ್ರದಲ್ಲಿ ಇಂಥದ್ದು ಆದರೆ ನಿಮ್ಮ ಅಂಗಡಿಯ ಹೆಸರಿಗೆ ಪೆಟ್ಟು.

ಮೊದಲಿಗೆ ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದಿರಬೇಕು, ನಾಣ್ಯದಾಕಾರದ ಸಣ್ಣ ಬ್ಯಾಟರಿಯನ್ನೂ ಕಳಚಿಡಿ. ಚಿಪ್‌ಗಳು ಕೈ ಇಡುವ ಫಲಕದ ಕೆಳಗೆ, ತೆಳುವಾದ ಕಪ್ಪು ಹಾಳೆಯ ಅಡಿಯಲ್ಲಿ ಇರುತ್ತವೆ. ಪರದೆಯ ಕಡೆಗಿರುವುದು 4 ಎಂಬಿ, ನಿಮ್ಮ ಕಡೆಗಿರುವುದು 8 ಎಂಬಿ. ಚಿಪ್‌ನ ಮೂಲೆಯಲ್ಲಿರುವ ಚುಕ್ಕಿ ಒಂದನೆಯ ಕಾಲಿನ ಗುರುತು, ಕ್ಲಿಪ್ಪಿನ ತಂತಿಪಟ್ಟಿಯ ಕೆಂಪು ಎಳೆ ಆ ಬದಿಗೆ ಬರಬೇಕು. ನಿಮ್ಮದು ಕಡಲ ತೀರದ ಊರು, ಮಳೆಗಾಲದ ಉಪ್ಪುಗಾಳಿಗೆ ಚಿಪ್‌ನ ಕಾಲುಗಳ ಮೇಲೆ ಮಸುಕಾದ ಪೊರೆ ಕಟ್ಟಿಕೊಳ್ಳುವುದುಂಟು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಎಂಟೂ ಕಾಲುಗಳನ್ನು ಉಜ್ಜಿ, ಒಣಗಲು ಬಿಟ್ಟು, ಕ್ಲಿಪ್ಪನ್ನು ಓರೆಯಾಗದಂತೆ ನೇರ ಮೇಲಿನಿಂದ ಒತ್ತಿ ಕೂರಿಸಿ. ಕ್ಲಿಪ್ಪಿನಿಂದ ಪ್ರೋಗ್ರಾಮರ್‌ಗೆ ಹೋಗುವ ತಂತಿ ಗೇಣುದ್ದ ಮೀರದಿರಲಿ.

ಕಪ್ಪು ಸಿಎಚ್341ಎ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಬೇಕು. ಚಿಪ್‌ಗೆ ಅದು 3.3 ವೋಲ್ಟ್ ವಿದ್ಯುತ್ ಕೊಟ್ಟರೂ, ಅದರ ದತ್ತಾಂಶದ ಗೆರೆಗಳು 5 ವೋಲ್ಟಿನಲ್ಲಿ ನಡೆಯುತ್ತವೆ. ಎಕ್ಸ್230ರ ಚಿಪ್‌ಗಳು 3.3 ವೋಲ್ಟಿನವು. ಎಷ್ಟೋ ಜನ ಹಾಗೆಯೇ ಬಳಸಿ ಪಾರಾಗಿದ್ದಾರೆ ನಿಜ, ಆದರೂ ಗಿರಾಕಿಯ ಯಂತ್ರದ ಮೇಲೆ ಆ ಅದೃಷ್ಟಪರೀಕ್ಷೆ ಬೇಡ. ಪ್ರೋಗ್ರಾಮರ್‌ನ ಬೋರ್ಡನ್ನು 3.3 ವೋಲ್ಟಿಗೆ ತಿದ್ದಿಕೊಳ್ಳಿ, ಇಲ್ಲವೇ ರಾಸ್ಪ್‌ಬೆರಿ ಪೈ ಪಿಕೋ ಎಂಬ ಸಣ್ಣ ಬೋರ್ಡು ಕೊಂಡು, ಅದನ್ನೇ ಪ್ರೋಗ್ರಾಮರ್ ಆಗಿಸುವ ಸರ್‌ಪ್ರಾಗ್ ಫರ್ಮ್‌ವೇರ್ ಹಾಕಿ. ಅದರ ಗೆರೆಗಳೆಲ್ಲ 3.3 ವೋಲ್ಟಿನವೇ, ಚಿಪ್ ಓದಿ ಬರೆಯುವ ಫ್ಲಾಶ್‌ರಾಮ್ ತಂತ್ರಾಂಶ ಅದನ್ನು ನೇರವಾಗಿ ಗುರುತಿಸುತ್ತದೆ.

ಕ್ಲಿಪ್ ಹಿಡಿದ ಮೇಲೆ ಒಂದೇ ಚಿಪ್‌ಗೆ ಎರಡು ಮೂರು ಹೆಸರು ಹೊಂದುತ್ತವೆ ಎಂದು ಫ್ಲಾಶ್‌ರಾಮ್ ಹೇಳಿದರೆ ಗಾಬರಿ ಬೇಡ. ಭೂತಗನ್ನಡಿಯಲ್ಲಿ ಚಿಪ್‌ನ ಬೆನ್ನನ್ನು ನೋಡಿ ಅಲ್ಲಿರುವ ಹೆಸರನ್ನೇ ಆಜ್ಞೆಯಲ್ಲಿ ಕೊಡಿ. ಮೂರು ಸಲ ಓದಿ, ಮೂರರ ಎಸ್‌ಎಚ್‌ಎ256 ಮೊತ್ತ (ಕಡತದ ಬೆರಳಚ್ಚು ಇದ್ದಂತೆ) ಒಂದೇ ಇದೆಯೇ ನೋಡಿ. ಅಷ್ಟಕ್ಕೇ ತೃಪ್ತಿಪಡಬೇಡಿ: ಕ್ಲಿಪ್ ತಗುಲದೆ ಇದ್ದಾಗ ಎಲ್ಲ ಬೈಟುಗಳೂ 255 ಎಂದೇ ಬರಬಹುದು, ಅಂಥ ಮೂರು ಖಾಲಿ ಕಡತಗಳ ಮೊತ್ತವೂ ಒಂದೇ ಆಗಿರುತ್ತದೆ. 8 ಎಂಬಿ ಕಡತವನ್ನು ಕೋರ್‌ಬೂಟ್‌ನ ಜೊತೆ ಬರುವ ಐಎಫ್‌ಡಿಟೂಲ್‌ಗೆ ಕೊಡಿ. ಅದು ವಲಯಗಳ ಪಟ್ಟಿಯನ್ನು ಸರಿಯಾಗಿ ತೋರಿಸಿದರೆ ಮಾತ್ರ ಆ ಓದು ನಂಬಿಕೆಗೆ ಅರ್ಹ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಕರ್ನಲ್‌ಗೆ ಭದ್ರತಾ ತಿದ್ದುಪಡಿಗಳು ಪದೇಪದೇ ಬರುತ್ತವೆ ಎಂದು ಕೇಳಿದ್ದೇನೆ. ಕರ್ನಲ್ ಚಿಪ್‌ನಲ್ಲಿದ್ದರೆ ಪ್ರತಿ ಸಲವೂ ಚಿಪ್ಪನ್ನೇ ಮತ್ತೆ ಬರೆಯಬೇಕಾಗುವುದಲ್ಲವೇ? ಬರೆಯುವ ಹೊತ್ತಿಗೆ ಕರೆಂಟ್ ಹೋದರೆ? ಇಷ್ಟೆಲ್ಲ ಮಾಡಿದರೆ ನನ್ನ ಲ್ಯಾಪ್‌ಟಾಪ್ ನಿಜಕ್ಕೂ ಹೆಚ್ಚು ಸುರಕ್ಷಿತವಾಗುತ್ತದೆಯೇ?
ಓದುಗರು, ಮುಲುಂಡ್

ಉತ್ತರ: ಕೋಥರೂಡಿನ ವಿದ್ಯಾರ್ಥಿನಿಗೆ ಬಾಗಿಲು ಕಾಯುವ ಕರ್ನಲ್ ಎಂದು ಹೇಳಿದ್ದರ ಪ್ರಯೋಜನ ನಿಮ್ಮ ಮೊದಲ ಪ್ರಶ್ನೆಯಲ್ಲಿ ಕಾಣುತ್ತದೆ. ನೀವು ದಿನವಿಡೀ ಬಳಸುವ ಕರ್ನಲ್ ಡಿಸ್ಕಿನಲ್ಲೇ ಇರುತ್ತದೆ, ಅದರ ತಿದ್ದುಪಡಿಗಳು ಎಂದಿನಂತೆ ಬರುತ್ತವೆ, ಚಿಪ್‌ನಲ್ಲಿರುವ ಕರ್ನಲ್ ಮುಂದಿನ ಸಲ ಹೊಸದನ್ನೇ ಎತ್ತಿಕೊಳ್ಳುತ್ತದೆ. ಚಿಪ್‌ನ ಕರ್ನಲ್ ಕೆಲವೇ ಕ್ಷಣ ಬದುಕುತ್ತದೆ, ಅದರಲ್ಲಿ ನೆಟ್‌ವರ್ಕಿನ ಸಂಕೇತಗಳೇ ಇಲ್ಲದಂತೆ ಕಟ್ಟಿದ್ದರೆ ಹೊರಗಿನಿಂದ ಅದನ್ನು ಮುಟ್ಟುವ ದಾರಿಯೂ ಇರದು. ವರ್ಷಕ್ಕೆ ಒಂದೋ ಎರಡೋ ಸಲ ಅದನ್ನು ನವೀಕರಿಸಿದರೆ ಸಾಕು ಎಂಬುದು ನನ್ನ ರೂಢಿ. ಇಂಥ ಚಿಪ್‌ಗಳನ್ನು ಸಾಮಾನ್ಯವಾಗಿ 1,00,000 ಸಲ ಅಳಿಸಿ ಬರೆಯಲು ತಯಾರಿಸಿರುತ್ತಾರೆ. ಆದ್ದರಿಂದ ಸವೆತದ ಚಿಂತೆ ಬೇಡ.

ಮೊದಲ ಸಲ ಮಾತ್ರ ಕ್ಲಿಪ್ ಬೇಕಾಗುತ್ತದೆ. ಕೋರ್‌ಬೂಟ್ ಬಂದ ಮೇಲೆ ಒಳಗಿನಿಂದಲೇ ಫ್ಲಾಶ್‌ರಾಮ್‌ನಿಂದ ಬಯೋಸ್ ವಲಯವನ್ನಷ್ಟೇ ಬರೆಯಬಹುದು. ಆ ಒಂದು ಸಲ ಕರ್ನಲ್ಲಿನ ಆಜ್ಞಾಸಾಲಿಗೆ ಚಿಪ್ಪನ್ನು ಮುಟ್ಟಲು ಬಿಡುವ ಐಓಮೆಮ್ ರಿಲ್ಯಾಕ್ಸ್ಡ್ (iomem=relaxed) ಎಂದು ಸೇರಿಸಿ ಬೂಟ್ ಮಾಡಬೇಕಾಗುತ್ತದೆ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಬ್ಯಾಟರಿ ತುಂಬಿರಲಿ, ಚಾರ್ಜರ್ ಕೂಡ ಸಿಕ್ಕಿಸಿರಲಿ. ಬರೆದ ನಂತರ ಫ್ಲಾಶ್‌ರಾಮ್ ತಾನಾಗಿಯೇ ಓದಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಯಂತ್ರವನ್ನು ಆರಿಸದೆ ಅಲ್ಲಿಯೇ ಇನ್ನೊಮ್ಮೆ ಬರೆಯಿರಿ, ಏಕೆಂದರೆ ಓಡುತ್ತಿರುವ ಯಂತ್ರಕ್ಕೆ ಚಿಪ್‌ನ ಅಗತ್ಯ ಮತ್ತೆ ಬೀಳುವುದು ಮುಂದಿನ ಸಲ ಗುಂಡಿ ಒತ್ತಿದಾಗ ಅಥವಾ ಮಲಗಿಸಿ ಎಬ್ಬಿಸಿದಾಗ.

ಸುರಕ್ಷತೆಯ ಮಾತು ಹೆಚ್ಚು ಗಂಭೀರವಾದದ್ದು. ಕರ್ನಲ್ ಚಿಪ್‌ನಲ್ಲಿದೆ ಎಂಬುದಷ್ಟೇ ನಿಮಗೆ ಸುರಕ್ಷತೆ ಕೊಡುವುದಿಲ್ಲ. ವಾಸ್ಕೋದವರ ಬಳಿ ಇರುವ ಕ್ಲಿಪ್ ಇನ್ನೊಬ್ಬರ ಬಳಿಯೂ ಇರಬಹುದು, ಹೋಟೆಲಿನ ಕೋಣೆಯಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪನ್ನು ಬಿಚ್ಚಿ ಬರೆಯಲು ಹೆಚ್ಚು ಹೊತ್ತು ಬೇಡ. ಇದಕ್ಕೆ ಉತ್ತರವಾಗಿ ಭದ್ರತಾ ಸಂಶೋಧಕ ಟ್ರಾಮೆಲ್ ಹಡ್ಸನ್ ಅವರು ಹೆಡ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿ, 2016ರ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸಮ್ಮೇಳನದಲ್ಲಿ ವಿವರಿಸಿದರು. ಅದೂ ಕೋರ್‌ಬೂಟ್ ಮೇಲೆ ಲಿನಕ್ಸ್ ಪೇಲೋಡೇ. ಯಂತ್ರ ಏಳುವಾಗ ಪ್ರತಿ ಹಂತದ ಸಂಕೇತದ ಅಳತೆಯನ್ನು ಟಿಪಿಎಂ ಎಂಬ ಪ್ರತ್ಯೇಕ ಭದ್ರತಾ ಚಿಪ್‌ನಲ್ಲಿ ದಾಖಲಿಸುತ್ತಾ ಹೋಗುತ್ತಾರೆ. ಅಳತೆಗಳು ಮೊದಲಿನಂತೆಯೇ ಇದ್ದರೆ ಮಾತ್ರ ಟಿಪಿಎಂ ತನ್ನೊಳಗಿನ ಗುಟ್ಟನ್ನು ಬಿಟ್ಟುಕೊಡುತ್ತದೆ, ಆ ಗುಟ್ಟಿನಿಂದ ಹುಟ್ಟುವ ಆರಂಕಿಯ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಬ್ಯಾಂಕಿನ ಒಟಿಪಿಯನ್ನು ನೋಡಿ ನೋಡಿ ಅಭ್ಯಾಸವಾಗಿರುವ ನಿಮಗೆ ಇದು ಬೇಗ ಅರ್ಥವಾದೀತು, ಆದರೆ ಇಲ್ಲಿ ದಿಕ್ಕು ತಿರುಗಿದೆ: ಯಂತ್ರವೇ ತಾನು ಬದಲಾಗಿಲ್ಲವೆಂದು ನಿಮಗೆ ಸಾಬೀತು ಮಾಡುತ್ತದೆ, ನೀವು ಅದೇ ಗುಟ್ಟನ್ನು ಮೊದಲೇ ತುಂಬಿಟ್ಟ ನಿಮ್ಮ ಮೊಬೈಲ್ ತೋರಿಸುವ ಸಂಖ್ಯೆಯೊಂದಿಗೆ ಹೋಲಿಸಿ ನೋಡುತ್ತೀರಿ. ಡಿಸ್ಕಿನಲ್ಲಿರುವ ದೊಡ್ಡ ಕರ್ನಲ್‌ಗೆ ನಿಮ್ಮದೇ ಜಿಪಿಜಿ ಡಿಜಿಟಲ್ ಸಹಿ ಹಾಕಿ, ಸಹಿ ಸರಿಯಿದ್ದರೆ ಮಾತ್ರ ಕೆಎಕ್ಸೆಕ್ ನಡೆಯುವಂತೆ ಮಾಡುವುದೂ ಅದರ ಭಾಗ. ಇನ್ನು ಯಂತ್ರವನ್ನು ಯಾರಾದರೂ ಬಿಚ್ಚಿದ್ದಾರೆಯೇ ಎಂದು ತಿಳಿಯಲು ಒಂದು ಸರಳ ಉಪಾಯವನ್ನು ಈ ಕ್ಷೇತ್ರದವರು ಬಳಸುತ್ತಾರೆ. ಬಳೆ ಅಂಗಡಿಯಲ್ಲಿ ಸಿಗುವ ಮಿನುಗುಪುಡಿಯ ಉಗುರುಬಣ್ಣವನ್ನು ಅಡಿಭಾಗದ ಸ್ಕ್ರೂಗಳ ಮೇಲೆ ಒಂದೊಂದು ತೊಟ್ಟು ಹಚ್ಚಿ, ಒಣಗಿದ ಮೇಲೆ ಹತ್ತಿರದಿಂದ ಫೋಟೋ ತೆಗೆದಿಡಿ. ಮಿನುಗಿನ ಕಣಗಳು ಕೂತ ಚಿತ್ತಾರವನ್ನು ಮತ್ತೆ ಅದೇ ರೀತಿಯಲ್ಲಿ ಮೂಡಿಸಲು ಯಾರಿಂದಲೂ ಸುಲಭವಾಗಿ ಆಗದು.

ಪ್ರಶ್ನೆ: ಕಳೆದ ದೀಪಾವಳಿಗೆ ಹೊಸ ಲ್ಯಾಪ್‌ಟಾಪ್ ಕೊಂಡೆ. ಅದಕ್ಕೂ ಹೀಗೆ ಮಾಡಬಹುದೇ?
ಓದುಗರು, ಪಿಂಪ್ರಿ

ಉತ್ತರ: ಬಹುತೇಕ ಆಗದು. 2013ರ ಸುಮಾರಿಗೆ ಬಂದ ಹ್ಯಾಸ್‌ವೆಲ್ ಪೀಳಿಗೆಯಿಂದ ಈಚೆಗೆ ಇಂಟೆಲ್ ಬೂಟ್ ಗಾರ್ಡ್ ಎಂಬ ವ್ಯವಸ್ಥೆ ಇದೆ. ತಯಾರಕರು ತಮ್ಮ ಕೀಲಿಯ ಗುರುತನ್ನು ಕಾರ್ಖಾನೆಯಲ್ಲೇ ಚಿಪ್‌ಸೆಟ್‌ನೊಳಗೆ ಶಾಶ್ವತವಾಗಿ ಬೆಸೆದಿದ್ದರೆ, ಅವರ ಸಹಿ ಇಲ್ಲದ ಫರ್ಮ್‌ವೇರ್ ಓಡುವುದೇ ಇಲ್ಲ. ಕೊಂಡ ಗಿರಾಕಿಗೆ ಹೇಳದೆ ಕೇಳದೆ ಈ ಬಾಗಿಲನ್ನು ಮುಚ್ಚುವುದು ನನಗೆ ನೋವು ತರುವ ಸಂಗತಿ. ಆದರೆ ನಿಮ್ಮ ಮನೆಯಲ್ಲಿ ಮಕ್ಕಳ ಓದಿಗೆಂದು ತಂದ ಕ್ರೋಮ್‌ಬುಕ್ ಇದ್ದರೆ, ಅದರೊಳಗೆ ಈಗಾಗಲೇ ಕೋರ್‌ಬೂಟ್ ಇರುವ ಸಾಧ್ಯತೆ ಬಹಳ ಹೆಚ್ಚು. ಅಲ್ಲಿ ಡೆಪ್ತ್‌ಚಾರ್ಜ್ ಎಂಬ ಪೇಲೋಡ್ ಡಿಸ್ಕಿನಲ್ಲಿರುವ ಕರ್ನಲ್ಲಿನ ಸಹಿಯನ್ನು ಪರೀಕ್ಷಿಸಿ, ಗ್ರಬ್ ಇಲ್ಲದೆ ನೇರವಾಗಿ ಓಡಿಸುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿದಾಗಲೂ ಚಿಪ್‌ನ ಕರ್ನಲ್ ಮೊದಲಿನಿಂದ ಓಡುತ್ತದೆಯೇ? ಇನ್ನೊಂದು ಭಯವಿದೆ, ಚಿಪ್‌ನಲ್ಲಿಟ್ಟ ಕರ್ನಲ್ ಏಳುವಾಗಲೇ ಪ್ಯಾನಿಕ್ ಆಗಿ, ಅಂದರೆ ಮುಂದುವರಿಯಲಾಗದ ದೋಷ ಕಂಡು ನಿಂತರೆ ಒಳಗೆ ಹೋಗುವ ದಾರಿ ಯಾವುದು?
ಶಿಕ್ಷಕರು, ಪನವೇಲ್

ಉತ್ತರ: ಮಲಗಿ ಎದ್ದಾಗ ಓಡುವುದಿಲ್ಲ. ರ‍್ಯಾಮ್‌ನಲ್ಲಿ ಎಲ್ಲವೂ ಹಾಗೇ ಉಳಿದಿರುವುದನ್ನು ಕೋರ್‌ಬೂಟ್ ಗುರುತಿಸಿ, ಪೇಲೋಡನ್ನು ಮುಟ್ಟದೆ, ಮಲಗುವ ಮುನ್ನ ನಿಮ್ಮ ಕರ್ನಲ್ ಹೇಳಿಟ್ಟಿದ್ದ ವಿಳಾಸಕ್ಕೆ ನೇರವಾಗಿ ಮರಳುತ್ತದೆ.

ಎರಡನೆಯ ಭಯ ಸಹಜವಾದದ್ದು, ಅದಕ್ಕಾಗಿಯೇ ಮೊದಲ ದಿನವೇ ಸೀಬಯೋಸನ್ನು ತೆಗೆದುಹಾಕಬಾರದೆಂದು ಹೇಳುತ್ತೇನೆ. ಡೊಂಬಿವಲಿಯವರೂ ಇದನ್ನು ಗಮನಿಸಬೇಕು. ಸೀಬಯೋಸನ್ನು ಮುಖ್ಯ ಪೇಲೋಡ್ ಆಗಿಯೇ ಉಳಿಸಿ, ಕೋರ್‌ಬೂಟ್‌ನ ಜೊತೆ ಬರುವ ಸಿಬಿಎಫ್‌ಎಸ್‌ಟೂಲ್ ಉಪಕರಣದಿಂದ ನಿಮ್ಮ ಕರ್ನಲ್, ಇನಿಟ್‌ಆರ್‌ಡಿ, ಆಜ್ಞಾಸಾಲು ಮೂರನ್ನೂ ಸೇರಿಸಿ ಒಂದು ಪೇಲೋಡ್ ಮಾಡಿ, ಅದಕ್ಕೆ ಐಎಂಜಿ ಎಂಬ ಪೂರ್ವಪದ, ಓರೆಗೆರೆ, ನಂತರ ಲಿನಕ್ಸ್ ಎಂದು ಹೆಸರಿಡಿ. ಆ ಪೂರ್ವಪದವಿರುವ ಪೇಲೋಡುಗಳನ್ನೆಲ್ಲ ಸೀಬಯೋಸ್ ತನ್ನ ಪಟ್ಟಿಯಲ್ಲಿ ತೋರಿಸುತ್ತದೆ. ಯಂತ್ರ ಏಳುವಾಗ ಎಸ್ಕೇಪ್ ಒತ್ತಿ ಅದನ್ನು ಆರಿಸಿದರೆ ಚಿಪ್‌ನ ಕರ್ನಲ್ ಓಡುತ್ತದೆ, ಏನೂ ಒತ್ತದಿದ್ದರೆ ಹಳೆಯ ದಾರಿಯಲ್ಲಿ ಡಿಸ್ಕಿನಿಂದ ಏಳುತ್ತದೆ. ಪ್ಯಾನಿಕ್ ಆದರೆ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹಾಕಿ, ಡಿಸ್ಕಿನಿಂದ ಎದ್ದು ಸ್ಕ್ರಿಪ್ಟನ್ನು ತಿದ್ದಿ ಇನ್ನೊಮ್ಮೆ ಬರೆಯಿರಿ. ನಾನು ಒಂದು ತಿಂಗಳ ಕಾಲ ದಿನವೂ ಬೆಳಿಗ್ಗೆ ಎಸ್ಕೇಪ್ ಒತ್ತಿಯೇ ಕೆಲಸ ಆರಂಭಿಸಿ, ಒಂದು ಸಲವೂ ಎಡವದ ಮೇಲೆ ಕರ್ನಲ್ಲನ್ನು ಮುಖ್ಯ ಪೇಲೋಡ್ ಮಾಡಿದೆ. ಹಾಗೆ ಬದಲಿಸುವ ದಿನ, ಮೂಲ ಚಿಪ್‌ಗಳಿಂದ ಓದಿದ ಎರಡೂ ಕಡತಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಪ್ರತಿ ಬೇರೆ ಕಂಪ್ಯೂಟರಿನಲ್ಲಿ ಇದೆಯೇ ಎಂದು ನೋಡಿಕೊಳ್ಳಿ, ಕ್ಲಿಪ್ಪನ್ನು ಯಾರಿಗಾದರೂ ಎರವಲು ಕೊಟ್ಟಿದ್ದರೆ ಅದಕ್ಕೂ ಮೊದಲೇ ಹಿಂದಕ್ಕೆ ತರಿಸಿಕೊಳ್ಳಿ.